ದೇವರಮನೆಯ ಹುಲ್ಲಿಗೂ ಒಂದು ಲೆಕ್ಕ ಬೇಕು

ಮೂಡಿಗೆರೆಯಿಂದ ಗುತ್ತಿಯ ದಾರಿ ಹಿಡಿದರೆ, ಕಾಫಿ ತೋಟಗಳು ಮುಗಿದು ಹುಲ್ಲುಗುಡ್ಡಗಳು ತೆರೆದುಕೊಳ್ಳುವಲ್ಲಿ ದೇವರಮನೆ ಸಿಗುತ್ತದೆ. ಕಾಲಭೈರವೇಶ್ವರನ ಹಳೆಯ ಕಲ್ಲಿನ ಗುಡಿ, ಪಕ್ಕದಲ್ಲೊಂದು ಕೆರೆ, ಸುತ್ತ ಹುಲ್ಲುಗಾವಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಇಷ್ಟೇ ಇಲ್ಲಿಯ ಸಂಪತ್ತು. ಮಳೆಗಾಲದಲ್ಲಿ ಮಂಜು ಕವಿದರೆ ಹತ್ತು ಮಾರು ದೂರದ ಗುಡಿಯೂ ಮರೆಯಾಗುತ್ತದೆ. ಆ ಮಂಜಿಗೆಂದೇ ವಾರದ ಕೊನೆಗೆ ಕಾರು, ಬೈಕುಗಳು ಸಾಲುಗಟ್ಟಿ ಬರುತ್ತವೆ.

ಹುಲ್ಲುಗಾವಲು ಬೀಳುಭೂಮಿಯಲ್ಲ. ಹುಲ್ಲಿನ ಬೇರು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಹಳ್ಳಕ್ಕೆ ಬಿಡುತ್ತದೆ; ಹೇಮಾವತಿ ಹುಟ್ಟುವ ಜಾವಳಿಯೂ ಇದೇ ತಾಲ್ಲೂಕಿನದು. ಒದ್ದೆ ಗುಡ್ಡಕ್ಕೆ ಒಂದು ಜೀಪು ಹತ್ತಿದರೆ ಚಕ್ರದ ಜಾಡಿನಲ್ಲಿ ಹುಲ್ಲು ಕಿತ್ತು ಮಣ್ಣು ಕಾಣುತ್ತದೆ. ಮುಂದಿನ ಮಳೆಗೆ ಆ ಜಾಡೇ ನೀರಿನ ದಾರಿ, ಅದರ ಮುಂದಿನ ಮಳೆಗೆ ಕೊರಕಲು. ಎಸೆದ ಬಾಟಲಿಯನ್ನು ನಾಳೆ ಹೆಕ್ಕಬಹುದು, ಕೊಚ್ಚಿಹೋದ ಮಣ್ಣನ್ನು ಹೆಕ್ಕಲಾಗದು. ಆದ್ದರಿಂದ ಸ್ವಚ್ಛತಾ ಅಭಿಯಾನವೊಂದೇ ಸಾಲದು, ವಾಹನಗಳ ಸಂಖ್ಯೆಗೇ ಮಿತಿ ಬೇಕು. ಇದು ಹೊಸ ಮಾತೇನಲ್ಲ. ಊಟಿ, ಕೊಡೈಕೆನಾಲ್‌ಗಳಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬಂತು. ನಮ್ಮದೇ ಜಿಲ್ಲೆಯ ಮುಳ್ಳಯ್ಯನಗಿರಿ ಭಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ಆನ್‌ಲೈನ್ ನೋಂದಣಿ ಕಡ್ಡಾಯವಾಯಿತು; ಬೆಳಗ್ಗೆ 600, ಮಧ್ಯಾಹ್ನ 600 ವಾಹನಗಳಿಗಷ್ಟೇ ಅವಕಾಶ. ಆದರೆ ಒಂದೇ ಬೆಟ್ಟಕ್ಕೆ ಬಾಗಿಲು ಹಾಕಿದರೆ ದಟ್ಟಣೆ ಬಾಗಿಲಿಲ್ಲದ ಬೆಟ್ಟಕ್ಕೆ ತಿರುಗುತ್ತದೆ. ಹಾಗಾಗಿ ಈ ವ್ಯವಸ್ಥೆ ದೇವರಮನೆಗೂ ಬರಬೇಕು.

ಹೋಂಸ್ಟೇ ನಡೆಸುವವರ ಹೊಟ್ಟೆಪಾಡೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. 2000ದ ದಶಕದ ಆರಂಭದಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಅನೇಕ ಬೆಳೆಗಾರರ ಕೈಹಿಡಿದದ್ದು ಇದೇ ಕಸುಬು. ಆದರೆ ಬೆಳಗ್ಗೆ ಬಂದು ಸಂಜೆ ಮರಳುವ ಕಾರು ಊರಿಗೆ ಬಿಟ್ಟುಹೋಗುವುದು ಹೆಚ್ಚಾಗಿ ಹೊಗೆ, ಕಸ. ಎರಡು ರಾತ್ರಿ ತಂಗುವ ಅತಿಥಿ ಊಟ, ಕಾಫಿ, ಏಲಕ್ಕಿ, ಜೀಪಿನ ಬಾಡಿಗೆ ಎಂದು ಹತ್ತು ಮನೆಗೆ ಹಣ ಕೊಡುತ್ತಾನೆ. ನೋಂದಾಯಿತ ಹೋಂಸ್ಟೇಗಳ ಅತಿಥಿಗಳಿಗೆ ಪಾಸಿನಲ್ಲಿ ಮೊದಲ ಪಾಲು ಕೊಟ್ಟರೆ ಮಿತಿಯೇ ಅವರ ದುಡಿಮೆಗೆ ರಕ್ಷಣೆಯಾಗುತ್ತದೆ. ದೇವರ ದರ್ಶನಕ್ಕೂ ಪಾಸೇ ಎಂಬುದು ಇನ್ನೊಂದು ಆಕ್ಷೇಪ. ಸುತ್ತಲಿನ ಊರಿನವರಿಗೆ, ಹರಕೆ ಹೊತ್ತು ಬರುವವರಿಗೆ ವಿನಾಯಿತಿ ಇರಲಿ. ಉಳಿದವರ ವಾಹನಗಳು ಕೆಳಗೇ ನಿಲ್ಲಲಿ, ಸ್ಥಳೀಯರ ಜೀಪುಗಳು ಟಾರು ರಸ್ತೆಯಲ್ಲೇ ಅವರನ್ನು ಮೇಲೆ ಕರೆದೊಯ್ಯಲಿ. ಶುಲ್ಕದ ಹಣ ಗ್ರಾಮ ಪಂಚಾಯಿತಿಗೆ ಸೇರಿ ಶೌಚಾಲಯ, ಕಸ ವಿಲೇವಾರಿ, ಕಾವಲುಗಾರರ ಸಂಬಳಕ್ಕೆ ಹೋಗಬೇಕು. ಹಣ ಊರಲ್ಲೇ ಉಳಿದರೆ ನಿಯಮವನ್ನು ಊರೇ ಕಾಯುತ್ತದೆ. ಬಂದವರು ಹುಲ್ಲು ತುಳಿಯದೆ ಕೈಮುಗಿದು ಹೋದರೆ ಮಾತ್ರ ಈ ಗುಡ್ಡ ಮುಂದೆಯೂ ದೇವರ ಮನೆಯಾಗಿಯೇ ಉಳಿದೀತು.