ರಾತ್ರಿ ಹನ್ನೆರಡಕ್ಕೆ ಮಗ ಯಾರೊಡನೆ ಯುದ್ಧ ಮಾಡುತ್ತಿದ್ದಾನೆ?

ಕುರ್ಲಾದಲ್ಲಿ ನಮ್ಮವರ ಅನೇಕ ಮನೆಗಳು ಅಂದರೆ ಒಂದು ಖೋಲಿ, ಪಕ್ಕದಲ್ಲಿ ಅಡುಗೆ ಕಟ್ಟೆ. ಅಂಥ ಮನೆಯಲ್ಲಿ ಮಧ್ಯರಾತ್ರಿ ಹೆಡ್‌ಫೋನ್ ಹಾಕಿಕೊಂಡ ಹುಡುಗ, "ನಾನು ಬಾಗಿಲು ಒಡೆಯುತ್ತೇನೆ, ಕತ್ತಿ ತೆಗೆಯುತ್ತೇನೆ" ಎಂದು ಪಿಸುಗುಟ್ಟಿದರೆ ಪಕ್ಕದಲ್ಲಿ ಮಲಗಿದ ಅಮ್ಮನಿಗೆ ಎದೆ ಧಸಕ್ಕೆನ್ನುವುದು ಸಹಜ. ಮಗನ ತಲೆ ಕೆಟ್ಟಿತೇ? ಯಾವುದಾದರೂ ಕೆಟ್ಟ ಗುಂಪಿಗೆ ಸೇರಿದನೇ?

ಹೆದರುವ ಮೊದಲು ಇದೇನೆಂದು ತಿಳಿಯೋಣ.

*ಇದು ಯಾವ ಆಟ?*

ಇದರ ಹೆಸರು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕತೆ ಕಟ್ಟುವ ಆಟ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇದರಲ್ಲಿ ಎಲ್ಲಕ್ಕಿಂತ ಹೆಸರುವಾಸಿ.

ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅರ್ಥಧಾರಿಗಳು ವೇಷವಿಲ್ಲದೆ ಕುಳಿತು, ಕರ್ಣನಾಗಿ ಕೃಷ್ಣನಾಗಿ, ಆ ಕ್ಷಣಕ್ಕೆ ಹೊಳೆದ ಮಾತನ್ನು ಆಡುತ್ತಾರೆ. ಭಾಗವತರು ಪ್ರಸಂಗವನ್ನು ಮುಂದೆ ನಡೆಸುತ್ತಾರೆ. ಈ ಆಟದಲ್ಲಿ ಭಾಗವತರ ಜಾಗದಲ್ಲಿ 'ಗೇಮ್ ಮಾಸ್ಟರ್' ಇರುತ್ತಾನೆ. ಆದರೆ ಇಲ್ಲಿ ಕತೆಯ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಬಾಗಿಲು ಒಡೆಯಿತೋ ಇಲ್ಲವೋ ಎಂಬುದನ್ನು 20 ಮುಖಗಳ ದಾಳ ಹೇಳುತ್ತದೆ. ದಾಳ ಇದ್ದರೂ ಪಣ ಇಲ್ಲ. ಇದು ಜೂಜಲ್ಲ.

ಈಗ ಮೇಜೇ ಬೇಡ. 2012ರಲ್ಲಿ ಬಂದ 'ರೋಲ್20', 2020ರಲ್ಲಿ ಬಂದ 'ಫೌಂಡ್ರಿ' ಮುಂತಾದವು ನಕಾಶೆ, ದಾಳ, ಪಾತ್ರದ ವಿವರ ಎಲ್ಲವನ್ನೂ ಪರದೆಯ ಮೇಲೆ ತೋರಿಸುತ್ತವೆ. ಮಾತುಕತೆಗೆ ಹೆಚ್ಚಾಗಿ 'ಡಿಸ್ಕಾರ್ಡ್' ಬಳಸುತ್ತಾರೆ.

*ಒಳ್ಳೆಯದೂ ಇದೆ*

ಪರಊರಿನಲ್ಲಿ ಬೆಳೆಯುವ ಮಕ್ಕಳಿಗೆ ಒಂಟಿತನ ಸಣ್ಣ ಸಮಸ್ಯೆಯಲ್ಲ. ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ಹೇಳಿದೆ. ಈ ಆಟದಲ್ಲಿ ಇನ್ನೊಬ್ಬರ ಮಾತು ಕೇಳಬೇಕು, ಸರದಿ ಕಾಯಬೇಕು, ಕೂಡಿ ನಿರ್ಧರಿಸಬೇಕು. ನಾಲ್ಕು ಜನರೆದುರು ಬಾಯಿಬಿಡದ ಮಗು ಪಾತ್ರದ ಮರೆಯಲ್ಲಿ ಮಾತು ಕಲಿಯಬಹುದು.

*ಹಾಗಾದರೆ ತೊಂದರೆ ಎಲ್ಲಿ?*

ಕತ್ತಿಯಲ್ಲಿ ಅಲ್ಲ, ಗಡಿಯಾರದಲ್ಲಿ. ಗುಂಪಿನವರು ಲಂಡನ್‌ನಲ್ಲಿದ್ದರೆ ಅವರ ಸಂಜೆ 7 ಗಂಟೆ ಅಂದರೆ ನಮಗೆ ರಾತ್ರಿ 11:30, ಚಳಿಗಾಲದಲ್ಲಿ 12:30. ಒಂದು ಆಟ ಮೂರು ನಾಲ್ಕು ಗಂಟೆ ನಡೆಯುವುದು ಮಾಮೂಲು. ಮುಗಿಯುವಾಗ ಹಾಲಿನವನು ಬರುವ ಹೊತ್ತು. 13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆ ಕೆಟ್ಟರೆ ಓದಿದ್ದು ತಲೆಯಲ್ಲಿ ನಿಲ್ಲದು, ಸಿಟ್ಟು ಮೂಗಿನ ತುದಿಗೆ ಬರುತ್ತದೆ. ಮನೆಯವರು ಅದಕ್ಕೆ "ಆಟದ ಹುಚ್ಚು" ಎನ್ನುತ್ತಾರೆ. ಎಷ್ಟೋ ಸಲ ಅದು ಬರೀ ನಿದ್ದೆಗೇಡು.

ಹಾಗಾಗಿ ಆಟ ಬಿಡಿಸುವ ಮೊದಲು ಆಟದ ಹೊತ್ತು ಬದಲಿಸಿ ನೋಡಿ.

*ಮನೆಯಲ್ಲಿ ಮಾಡಬಹುದಾದದ್ದು*

1. ವಾರಕ್ಕೆ ಒಂದು ಆಟ, ಭಾನುವಾರ ಮಧ್ಯಾಹ್ನ ಅಥವಾ ಸಂಜೆ. ಈ ಆಟಕ್ಕೆ ಮೊದಲೇ ಸಮಯ ಗೊತ್ತುಮಾಡುತ್ತಾರೆ, ಅದು ನಮಗೆ ಅನುಕೂಲ. ರಾತ್ರಿ 10ಕ್ಕೆ ಮುಗಿಯಬೇಕೆಂದು ಮಗನೇ ಗುಂಪಿಗೆ ತಿಳಿಸಲಿ. ನೀವೂ ಅಷ್ಟು ಹೊತ್ತು "ಹಾಲು ತಾ, ನೀರು ತುಂಬು" ಎಂದು ನಡುವೆ ಕರೆಯಬೇಡಿ.

2. ಗುಂಪು ಬಂಧುಗಳದ್ದಾದರೆ ಇನ್ನೂ ಒಳ್ಳೆಯದು. ಕುರ್ಲಾದ ಮಗಳು, ಉಡುಪಿಯ ಮಾವನ ಮಗ, ದುಬೈಯ ಚಿಕ್ಕಮ್ಮನ ಮಗಳು ಒಂದೇ ಕತೆಯಲ್ಲಿ ಸೇರಬಹುದು. ದುಬೈ ನಮಗಿಂತ ಒಂದೂವರೆ ಗಂಟೆ ಮಾತ್ರ ಹಿಂದೆ. ಕನ್ನಡದಲ್ಲೋ ತುಳುವಿನಲ್ಲೋ ಆಡಲಿ, ಭಾಷೆಯೂ ಉಳಿಯುತ್ತದೆ. ಹಣ ಖರ್ಚು ಮಾಡಬೇಕಾಗಿಲ್ಲ. ಒಂದು ಗ್ರೂಪ್ ಕಾಲ್, ನಕಾಶೆಯ ಒಂದು ಫೋಟೋ ಸಾಕು.

3. ಅರ್ಧ ಗಂಟೆಗೊಮ್ಮೆ ಎದ್ದು ಕತ್ತು, ಬೆನ್ನು ಸಡಿಲಿಸಲಿ. ಕಣ್ಣಿಗೆ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ ಒಳ್ಳೆಯದು. ಚಿಕ್ಕ ಖೋಲಿಯಲ್ಲಿ ಕಿಟಕಿಯ ಆಚೆ ನೋಡಿದರಾಯಿತು. ಹೆಡ್‌ಫೋನ್ ಸದ್ದು ಅರ್ಧಕ್ಕಿಂತ ಸ್ವಲ್ಪ ಮೇಲೆ ದಾಟಬಾರದು.

4. ಡಿಸ್ಕಾರ್ಡ್‌ಗೆ ಕನಿಷ್ಠ 13 ವರ್ಷ ಆಗಿರಬೇಕು. ಅಪರಿಚಿತರು ಖಾಸಗಿ ಸಂದೇಶ ಕಳಿಸದಂತೆ ಸೆಟ್ಟಿಂಗ್ ಬದಲಿಸಿ. ಶಾಲೆಯ ಹೆಸರು, ವಿಳಾಸ, ಫೋಟೋ ಕೇಳಿದವರನ್ನು ಬ್ಲಾಕ್ ಮಾಡಲು ಕಲಿಸಿ. ಒಳ್ಳೆಯ ಗುಂಪುಗಳಲ್ಲಿ ಕತೆ ಅಸಹ್ಯವೋ ಭಯವೋ ಆದಾಗ 'ಎಕ್ಸ್' ಎಂದು ಟೈಪ್ ಮಾಡಿದರೆ ಆ ಭಾಗ ಬಿಟ್ಟು ಮುಂದೆ ಹೋಗುವ ಪದ್ಧತಿ ಇದೆ. ಅದು ಇದೆಯೇ ಎಂದು ಕೇಳಲಿ.

*ಯಾವಾಗ ವೈದ್ಯರ ಸಲಹೆ ಬೇಕು?*

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ, ಜನವರಿ 2022ರಿಂದ, 'ಗೇಮಿಂಗ್ ಡಿಸಾರ್ಡರ್' ಇದೆ. ಅದರ ಲಕ್ಷಣ ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಊಟ ಓದು ಎಲ್ಲಕ್ಕಿಂತ ಆಟವೇ ಮೇಲಾಗುವುದು, ಹಾನಿ ಕಂಡರೂ ಬಿಡದಿರುವುದು. ಇವು ಸಾಮಾನ್ಯವಾಗಿ 12 ತಿಂಗಳಾದರೂ ಕಂಡಿರಬೇಕು. ಒಂದು ವಾರ ತಡವಾಗಿ ಮಲಗಿದ್ದಕ್ಕೆ ಮಗನಿಗೆ ಚಟ ಹತ್ತಿತು ಎನ್ನಬೇಡಿ. ಆದರೆ ಮಗ ಶಾಲೆ ಬಿಟ್ಟರೆ, ಊಟ ಬಿಟ್ಟರೆ, ಬದುಕು ಬೇಡ ಎಂಬ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಊರಿಗೆ ಹೋದಾಗ ತೋರಿಸುವುದಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ಶುರುವಾದ 'ಶಟ್' ಕ್ಲಿನಿಕ್ ಇದೆ.

ಇವತ್ತು ಊಟಕ್ಕೆ ಕುಳಿತಾಗ ಒಂದು ಪ್ರಶ್ನೆ ಕೇಳಿ: "ನಿನ್ನ ಪಾತ್ರದ ಹೆಸರೇನು ಮಗಾ? ಕಳೆದ ವಾರ ಏನಾಯಿತು?" ಉತ್ತರ ಉದ್ದವಾಗಿದ್ದರೆ ಸಂತೋಷ. ಉತ್ತರವೇ ಬಾರದಿದ್ದರೆ, ಫೋನು ಕಸಿಯದೆ, ನಾಳೆ ಇನ್ನೊಮ್ಮೆ ಕೇಳಿ.

ಮನೆಯಲ್ಲಿ ಹದಿಹರೆಯದ ಮಕ್ಕಳಿರುವ ನಿಮ್ಮ ಬಂಧುಗಳಿಗೂ ಕಳಿಸಿ.