ಹೈದರಾಬಾದಿನ ಕ್ಲೋರೋಫಾರಂ ಪರೀಕ್ಷೆಗಳು

ಶಸ್ತ್ರಚಿಕಿತ್ಸೆಗಾಗಿ ಕ್ಲೋರೋಫಾರಂ ಮೂಸಿ ಮೂರ್ಛೆ ಹೋದ ರೋಗಿಯು ಮರಳಿ ಏಳದೆಹೋದಾಗ, ಮೊದಲು ನಿಂತುದು ಉಸಿರೋ ಹೃದಯವೋ ಎಂಬ ಪ್ರಶ್ನೆಯು ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ವೈದ್ಯಲೋಕವನ್ನು ಎರಡು ಪಕ್ಷಗಳಾಗಿ ಒಡೆದಿದ್ದಿತು. ಈ ವಿವಾದದ ಒಂದು ಮುಖ್ಯ ಪ್ರಕರಣವು ನಡೆದುದು ಹೈದರಾಬಾದಿನಲ್ಲಿ. ರಾಯಚೂರು, ಕಲಬುರ್ಗಿ, ಬೀದರ ಸೀಮೆಗಳ ಕನ್ನಡಿಗರು ಆಗ ಆ ಸಂಸ್ಥಾನದ ಪ್ರಜೆಗಳೇ ಆಗಿದ್ದುದರಿಂದ, ಇದು ನಮಗೆ ತೀರ ಹೊರಗಿನ ವೃತ್ತಾಂತವಲ್ಲ.

ಎಡಿನ್‌ಬರೋ ನಗರದ ಜೇಮ್ಸ್ ಯಂಗ್ ಸಿಂಪ್ಸನ್ನರು ೧೮೪೭ರ ನವೆಂಬರಿನಲ್ಲಿ ಕ್ಲೋರೋಫಾರಮನ್ನು ಬಳಕೆಗೆ ತಂದರು. ಹಿಂದಿನ ವರ್ಷ ಬಾಸ್ಟನ್ನಿನಲ್ಲಿ ಪ್ರಸಿದ್ಧಿಗೆ ಬಂದಿದ್ದ ಈಥರಿಗಿಂತ ಇದರ ವಾಸನೆ ಹಿತವಾದುದು, ಮೂರ್ಛೆಯೂ ಬೇಗ, ಬೆಂಕಿ ಹತ್ತುವ ಭಯವಿಲ್ಲ. ಆದರೆ ಮೂರು ತಿಂಗಳೊಳಗಾಗಿ, ೧೮೪೮ರ ಜನವರಿ ೨೮ರಂದು, ಇಂಗ್ಲೆಂಡಿನ ನ್ಯೂಕಾಸಲಿನ ಬಳಿ ಹ್ಯಾನಾ ಗ್ರೀನರ್ ಎಂಬ ೧೫ ವರ್ಷದ ಹುಡುಗಿಯು ಕಾಲ್ಬೆರಳಿನ ಉಗುರನ್ನು ತೆಗೆಸಿಕೊಳ್ಳಲು ಕುಳಿತವಳು ಕೆಲವೇ ನಿಮಿಷಗಳಲ್ಲಿ ಅಸುನೀಗಿದಳು. ಚೇತರಿಸಲೆಂದು ಬಾಯಿಗೆ ಹೊಯ್ದ ನೀರು ಬ್ರಾಂದಿಗಳಿಂದ ಉಸಿರು ಕಟ್ಟಿತೆಂದು ಸಿಂಪ್ಸನ್ನರೂ, ಹೃದಯವೇ ಸ್ತಂಭಿಸಿತೆಂದು ಲಂಡನಿನ ಜಾನ್ ಸ್ನೋ ಅವರೂ ವಾದಿಸಿದರು. ಆ ಬಳಿಕವೂ ಇಂತಹ ಮರಣಗಳು ಸಂಭವಿಸುತ್ತಲೇ ಇದ್ದುವು. ಅವುಗಳಲ್ಲಿ ಅನೇಕವು ಹಲ್ಲು ಕೀಳುವುದೇ ಮೊದಲಾದ ಅಲ್ಪ ಚಿಕಿತ್ಸೆಗಳ ಸಂದರ್ಭದಲ್ಲಿ, ಅದೂ ಮೂರ್ಛೆಯು ಇನ್ನೂ ಗಾಢವಾಗದಿರುವಾಗಲೇ ಒದಗಿದುದು ಎಲ್ಲರಿಗೂ ಬಿಡಿಸಲಾರದ ಒಗಟಾಗಿದ್ದಿತು.

ಹೈದರಾಬಾದಿನ ವೈದ್ಯಶಾಲೆಯ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಲಾರಿಯವರು ಎಡಿನ್‌ಬರೋ ಸಂಪ್ರದಾಯದವರು. ಉಸಿರನ್ನು ನೋಡಿಕೊಳ್ಳಿರಿ, ನಾಡಿಯ ಚಿಂತೆ ಬೇಡ ಎಂಬುದು ಆ ಸಂಪ್ರದಾಯದ ಉಪದೇಶ. ಇದನ್ನು ಸ್ಥಾಪಿಸಲು ೧೮೮೮ರಲ್ಲಿ ಅವರು ನಾಯಿಗಳ ಮೇಲೆ ಪರೀಕ್ಷೆ ನಡೆಸಿದರು. ಲಂಡನಿನ 'ಲ್ಯಾನ್ಸೆಟ್' ಪತ್ರಿಕೆಯು ಇದನ್ನು ಒಪ್ಪದಿರಲು, ನಿಜಾಮ ಮಹಬೂಬ್ ಅಲಿಖಾನರು ಧನವನ್ನೊದಗಿಸಿ ೧೮೮೯ರಲ್ಲಿ ಎರಡನೆಯ ಪರೀಕ್ಷೆಯನ್ನು ಏರ್ಪಡಿಸಿದರು. ಆ ಪತ್ರಿಕೆಯ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ಔಷಧಶಾಸ್ತ್ರಜ್ಞರು ಬಂದರು. ಬರುವಾಗ ಅವರು ಹೃದಯಪಕ್ಷದವರು. ನೂರಾರು ಪ್ರಾಣಿಗಳು ಬಲಿಯಾದ ಮೇಲೆ ಅವರೂ ಪಕ್ಷಾಂತರ ಹೊಂದಿದರು! ಕ್ಲೋರೋಫಾರಮಿನ ಮರಣದಲ್ಲಿ ಉಸಿರೇ ಮೊದಲು ನಿಲ್ಲುವುದೆಂದು ಮಂಡಲಿಯು ನಿರ್ಣಯಿಸಿತು.

ಈ ನಿರ್ಣಯದ ದೋಷವನ್ನರಿಯಲು ಔಷಧದ ವ್ಯಾಪಾರವನ್ನು ಸ್ವಲ್ಪ ತಿಳಿಯಬೇಕು. ಕ್ಲೋರೋಫಾರಮಿನ ಆವಿಯು ಶ್ವಾಸಕೋಶದಲ್ಲಿ ರಕ್ತವನ್ನು ಸೇರಿ ಮೆದುಳನ್ನು ಮುಟ್ಟುತ್ತದೆ. ಮೊದಲು ಉದ್ರೇಕ, ಬಡಬಡಿಕೆ, ಒದ್ದಾಟ. ಅನಂತರ ನೋವರಿಯದ ಸ್ಥಿತಿ. ಪ್ರಮಾಣ ಇನ್ನೂ ಏರಿದರೆ, ಮೆದುಳಿನ ಬುಡದಲ್ಲಿದ್ದು ಉಸಿರಾಟವನ್ನು ನಡೆಸುವ ಕೇಂದ್ರವು ಕುಗ್ಗಿ ಉಸಿರು ನಿಲ್ಲುತ್ತದೆ. ಹೃದಯವೂ ಬಳಲಿರುತ್ತದಾದರೂ ಕೆಲವು ಹೊತ್ತು ಮಿಡಿಯುವುದುಂಟು. ಆಗ ಕೃತಕವಾಗಿ ಉಸಿರಾಡಿಸಿದರೆ ಆವಿಯು ಹೊರಬಿದ್ದು ರೋಗಿಯು ಬದುಕಬಹುದು. ಹೈದರಾಬಾದಿನವರು ಕಂಡುದು ಬಹುಮಟ್ಟಿಗೆ ಈ ಮಿತಿಮೀರಿದ ಪ್ರಮಾಣದ ಮರಣವನ್ನೇ. ಕಂಡುದು ಸುಳ್ಳಲ್ಲ, ಮರಣಕ್ಕೆ ಬೇರೆ ದಾರಿಯೇ ಇಲ್ಲವೆಂದುದು ಸುಳ್ಳು. ೧೮೯೩ರಲ್ಲಿಯೇ ಗ್ಯಾಸ್ಕೆಲ್ ಮತ್ತು ಶೋರ್ ಎಂಬವರು, ಔಷಧವು ಹೃದಯವನ್ನು ನೇರವಾಗಿ ದುರ್ಬಲಗೊಳಿಸುವುದೆಂದು ತೋರಿಸಿ ಈ ನಿರ್ಣಯವನ್ನು ಖಂಡಿಸಿದರು.

ಆದರೂ ಹ್ಯಾನಾಳ ಬಗೆಯ ಮರಣವು ಮಿತಿಮೀರಿದ ಪ್ರಮಾಣದಿಂದ ಆದುದಲ್ಲವಷ್ಟೆ. ೧೯೧೧ರಲ್ಲಿ ಗುಡ್‌ಮನ್ ಲೆವಿಯವರು ಬೆಕ್ಕುಗಳಿಗೆ ಲಘುವಾಗಿ ಕ್ಲೋರೋಫಾರಂ ಕೊಟ್ಟು, ರಕ್ತನಾಳದಲ್ಲಿ ಅಲ್ಪಸ್ವಲ್ಪ ಅಡ್ರಿನಾಲಿನನ್ನು ಸೇರಿಸಿದರು. ಕೂಡಲೆ ಹೃದಯದ ಕೆಳಗೋಣೆಗಳು ಒಟ್ಟಾಗಿ ಸಂಕೋಚಿಸುವುದನ್ನು ಬಿಟ್ಟು, ಒಂದೊಂದು ಸ್ನಾಯುತಂತುವೂ ತನ್ನಷ್ಟಕ್ಕೆ ತಾನು ಅದುರತೊಡಗಿತು, ರಕ್ತಸಂಚಾರ ನಿಂತಿತು. ಮೂರ್ಛೆಯು ಗಾಢವಾಗಿದ್ದಾಗ ಹೀಗಾಗುತ್ತಿದ್ದುದು ವಿರಳ. ಅಡ್ರಿನಾಲಿನ್ ಎಂಬುದಾದರೋ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಭಯದಲ್ಲಿಯೂ ನೋವಿನಲ್ಲಿಯೂ ತಾನಾಗಿಯೇ ಸ್ರವಿಸುವ ದ್ರವ್ಯ. ಕ್ಲೋರೋಫಾರಂ ಹೃದಯವನ್ನು ಆ ದ್ರವ್ಯಕ್ಕೆ ಅತಿಸೂಕ್ಷ್ಮವನ್ನಾಗಿ ಮಾಡುತ್ತದೆ. ಅಂಜಿ ಒದ್ದಾಡುವ ರೋಗಿಯನ್ನು ಅರೆಮೂರ್ಛೆಯಲ್ಲಿಟ್ಟು ಕತ್ತಿಯಿಕ್ಕುವುದರಲ್ಲಿ ಎರಡೂ ಕೂಡಿಬರುತ್ತವೆ. ಇಂತಹ ಸಮಯದಲ್ಲಿ ಉಸಿರಾಡಿಸಿ ಪ್ರಯೋಜನವಿಲ್ಲ. ಶ್ವಾಸಕೋಶದ ಗಾಳಿಯನ್ನು ಒಯ್ಯಲು ರಕ್ತವೇ ಹರಿಯುತ್ತಿರುವುದಿಲ್ಲ. ಹೃದಯಕ್ಕೆ ಅಪಾಯವಾಗದಿರಲೆಂದು ಔಷಧವನ್ನು ಕಡಮೆಮಾಡಿ, ಬಿಟ್ಟುಬಿಟ್ಟು ಕೊಡುತ್ತಿದ್ದ ವೈದ್ಯರು ಈ ಅಪಾಯವನ್ನೇ ತಂದುಕೊಳ್ಳುತ್ತಿದ್ದರು.

ಲೆವಿಯವರಿಗಿದ್ದ ಒಂದು ಸಾಧನವು ಲಾರಿಯವರಿಗಿರಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಹೃದಯದ ವಿದ್ಯುತ್ ಚಲನೆಯನ್ನು ಬರೆದು ತೋರಿಸುವ ಯಂತ್ರವು ವೈದ್ಯರ ಕೈಗೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ.

ಕ್ಲೋರೋಫಾರಂ ಈಗ ಶಸ್ತ್ರಶಾಲೆಯಿಂದ ಮರೆಯಾಗಿದೆ. ಆದರೆ ೧೯೫೬ರಲ್ಲಿ ಬಳಕೆಗೆ ಬಂದ ಹ್ಯಾಲೋಥೇನ್ ಎಂಬ ಮೂರ್ಛೌಷಧದಲ್ಲಿಯೂ ಹೃದಯವನ್ನು ಅಡ್ರಿನಾಲಿನಿಗೆ ಸೂಕ್ಷ್ಮಗೊಳಿಸುವ ಇದೇ ಗುಣವು ಕಂಡುಬಂದುದರಿಂದ, ಅದನ್ನು ಕೊಡುತ್ತಿರುವಾಗ ರಕ್ತಸ್ರಾವವನ್ನು ತಡೆಯಲು ಅಡ್ರಿನಾಲಿನ್ ಚುಚ್ಚಬೇಕಾದ ಶಸ್ತ್ರವೈದ್ಯರು ಅದರ ಪ್ರಮಾಣವನ್ನು ಎಚ್ಚರದಿಂದ ಅಳೆಯಬೇಕಾಯಿತು.