ಎಂಜಿನ್ ತಾನಾಗಿ ನಿಂತು ಚಾಲೂ ಆಗುವ ವ್ಯವಸ್ಥೆ: ಚಾಲಕರ ಗಮನಕ್ಕೆ

ಸಿಗ್ನಲ್‌ಗಳಲ್ಲಿ ಇಂಧನ ಉಳಿಸುವ ಸಲುವಾಗಿ ಇತ್ತೀಚಿನ ಹಲವು ಕಾರು ಹಾಗೂ ಸ್ಕೂಟರ್‌ಗಳಲ್ಲಿ ಎಂಜಿನ್ ತಾನಾಗಿಯೇ ನಿಲ್ಲುವ ವ್ಯವಸ್ಥೆಯನ್ನು ಅಳವಡಿಸಲಾಗಿರುತ್ತದೆ. ಈ ರೀತಿ ಎಂಜಿನ್ ನಿಂತಿದ್ದರೂ ವಾಹನವು ಬಂದ್ ಆಗಿರುವುದಿಲ್ಲ ಎಂಬುದನ್ನು ಚಾಲಕರು ಗಮನಿಸತಕ್ಕದ್ದು.

ಕ್ಲಚ್ ಇರುವ ಕಾರುಗಳಲ್ಲಿ, ವಾಹನ ನಿಲ್ಲಿಸಿ ಗೇರನ್ನು ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟಾಗ ಎಂಜಿನ್ ನಿಲ್ಲುತ್ತದೆ. ಕ್ಲಚ್ ಒತ್ತಿದಾಗ ಪುನಃ ಚಾಲೂ ಆಗುತ್ತದೆ. ಆಟೋಮ್ಯಾಟಿಕ್ ಕಾರುಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಬಿಟ್ಟಾಗ, ಸ್ಕೂಟರ್‌ಗಳಲ್ಲಿ ಆಕ್ಸಿಲರೇಟರ್ ತಿರುಗಿಸಿದಾಗ ಚಾಲೂ ಆಗುತ್ತದೆ.

ಎಂಜಿನ್ ಸಾಕಷ್ಟು ಬಿಸಿಯಾಗದಿದ್ದಲ್ಲಿ, ಬ್ಯಾಟರಿಯ ಚಾರ್ಜ್ ಕಡಿಮೆಯಿದ್ದಲ್ಲಿ ಅಥವಾ ಎ.ಸಿ.ಗೆ ಹೆಚ್ಚು ಶಕ್ತಿ ಬೇಕಾದಲ್ಲಿ ಎಂಜಿನ್ ನಿಲ್ಲದಿರಬಹುದು. ನಿಂತಿದ್ದರೂ ಚಾಲಕರ ಸೂಚನೆಯಿಲ್ಲದೆಯೇ ಚಾಲೂ ಆಗಬಹುದು. ಇದು ದೋಷವಲ್ಲ.

ಆದ್ದರಿಂದ ಸಾರ್ವಜನಿಕರು ಈ ಕೆಳಗಿನ ಅಂಶಗಳನ್ನು ಪಾಲಿಸಲು ಕೋರಲಾಗಿದೆ:

1. ವಾಹನದಿಂದ ಇಳಿಯುವ ಅಥವಾ ಬಾನೆಟ್ ತೆರೆಯುವ ಮುನ್ನ ಇಗ್ನಿಷನ್ ಬಂದ್ ಮಾಡುವುದು.

2. ಸ್ಕೂಟರ್‌ನ ಮುಂಭಾಗದಲ್ಲಿ ಮಕ್ಕಳನ್ನು ನಿಲ್ಲಿಸದಿರುವುದು. ನಿಶ್ಶಬ್ದವಾಗಿ ನಿಂತಿರುವ ಸ್ಕೂಟರ್‌ನ ಆಕ್ಸಿಲರೇಟರನ್ನು ಮಗು ತಿರುಗಿಸಿದಲ್ಲಿ ವಾಹನವು ಮುನ್ನುಗ್ಗುವ ಅಪಾಯವಿರುತ್ತದೆ.

3. ನೀರು ನಿಂತ ರಸ್ತೆಯನ್ನು ಪ್ರವೇಶಿಸುವ ಮುನ್ನ, ವಾಹನದಲ್ಲಿ ನೀಡಿರುವ ಗುಂಡಿಯ ಮೂಲಕ ಈ ವ್ಯವಸ್ಥೆಯನ್ನು ಸ್ಥಗಿತಗೊಳಿಸುವುದು.

4. ಬ್ಯಾಟರಿ ಬದಲಿಸುವಾಗ ತಯಾರಕರು ಸೂಚಿಸಿರುವ ಮಾದರಿಯನ್ನೇ ಅಳವಡಿಸುವುದು. ಪದೇ ಪದೇ ಚಾಲೂ ಮಾಡುವ ಹೊರೆಯಿಂದ ಸಾಧಾರಣ ಬ್ಯಾಟರಿಯು ಬೇಗನೆ ಹಾಳಾಗುತ್ತದೆ.